ಪೊಲೀಸರನ್ನು ನೋಡಿ ತಳ್ಳುಗಾಡಿ ಕೆಳಗೆ ಅವಿತುಕೊಂಡ ಮಗ

ಪ್ರಶ್ನೆ: ಮೇಡಂ, ನಾವು ದಾವಣಗೆರೆ ನಿಟ್ಟುವಳ್ಳಿಯವರು. ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು. ಎಲ್‌ಕೆಜಿಗೆ ಸೇರಿಸುವ ಮುಂಚೆ ಮನೆಯಲ್ಲೇ ಸ್ವಲ್ಪ ಕಲಿಸೋಣ ಅಂತ 'ನಮ್ಮ ಸಹಾಯಕರು' ಚಾರ್ಟು, ಕಾರ್ಡು ಎಲ್ಲ ತಂದಿದ್ದೆ. ಪೊಲೀಸ್, ಡಾಕ್ಟರ್, ಪೋಸ್ಟ್‌ಮ್ಯಾನ್, ಬೆಂಕಿ ಆರಿಸೋರು, ಎಲ್ಲರನ್ನೂ ಪಟಪಟ ಅಂತ ಗುರುತಿಸುತ್ತಾನೆ. ಆದರೆ ದುಗ್ಗಮ್ಮನ ಜಾತ್ರೆಯಲ್ಲಿ ಬಳೆ ಅಂಗಡಿ ಹತ್ತಿರ ಕೈ ತಪ್ಪಿ ಹೋದ. ಹತ್ತು ನಿಮಿಷ ಹುಡುಕಿದೆವು. ಸಿಕ್ಕಿದ್ದು ಎಲ್ಲಿ ಅಂದರೆ ಮಂಡಕ್ಕಿ ಮಿರ್ಚಿ ಮಾರುವ ತಳ್ಳುಗಾಡಿ ಕೆಳಗೆ. ಅಳುತ್ತಾ ನಿಂತವನನ್ನು ನೋಡಿ ಮಹಿಳಾ ಪೊಲೀಸ್ ಒಬ್ಬರು ಹತ್ತಿರ ಬಂದರಂತೆ. ಅವರನ್ನು ಕಂಡವನೇ ಓಡಿ ಗಾಡಿ ಕೆಳಗೆ ನುಗ್ಗಿದನಂತೆ. ಮನೆಯಲ್ಲಿ ನಮ್ಮ ಅತ್ತೆ ಊಟ ಮಾಡದಿದ್ದರೆ 'ಪೊಲೀಸ್ ಕರೀತೀನಿ' ಅಂತಾರೆ, ಹಟ ಮಾಡಿದರೆ 'ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ' ಅಂತಾರೆ. ಬೇಡ ಅಂದರೆ 'ನಿನ್ನ ಗಂಡನ್ನೂ ಹಿಂಗೇ ಬೆಳೆಸಿದ್ದು' ಅಂತ ಬಾಯಿ ಮುಚ್ಚಿಸುತ್ತಾರೆ. ನನಗೂ ಗೊಂದಲ. ಒಂದು ಕಡೆ ಅಪರಿಚಿತರ ಜೊತೆ ಮಾತಾಡಬೇಡ ಅನ್ನಬೇಕು, ಇನ್ನೊಂದು ಕಡೆ ಪೊಲೀಸರ ಹತ್ತಿರ ಹೋಗು ಅನ್ನಬೇಕು, ಅವರೂ ಅಪರಿಚಿತರೇ ಅಲ್ವಾ? ಗುಡ್ ಟಚ್ ಬ್ಯಾಡ್ ಟಚ್ ಈಗಲೇ ಹೇಳಬೇಕಾ? ಬ್ಯಾಗಿನ ಮೇಲೆ ದೊಡ್ಡದಾಗಿ ಹೆಸರು, ಫೋನ್ ನಂಬರ್ ಬರೆಸಿದ್ದೇನೆ, ಸರಿಯಾ? ಇಷ್ಟೆಲ್ಲ ಹೇಳಿದರೆ ಮಗು ಹೆದರಿಕೊಳ್ಳುವುದಿಲ್ಲವಾ?

ಉತ್ತರ: ಮಗ ಸಿಕ್ಕನಲ್ಲ, ಅದು ದೊಡ್ಡದು. ಆ ಹತ್ತು ನಿಮಿಷ ಹೇಗಿರುತ್ತದೆ ಅಂತ ನನಗೆ ಗೊತ್ತು. ನಾಯಕನಹಟ್ಟಿ ತೇರಿನ ದಿನ ನನ್ನ ಅಕ್ಕನ ಮಗಳ ಕೈ ಬಿಟ್ಟವಳು ನಾನೇ. ಎಷ್ಟೋ ವರ್ಷ ಆಯಿತು, ಅವಳಿಗೆ ಈಗ ಮದುವೆಯೂ ಆಗಿದೆ, ಆದರೂ ತೇರಿನ ಗದ್ದಲ ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತಾನಾಗಿ ಪಕ್ಕದಲ್ಲಿರುವ ಯಾವುದಾದರೂ ಮಗುವಿನ ಕೈ ಹುಡುಕುತ್ತದೆ.

ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಒಳಗಿನ ಚಿಂತೆ ಮಾತ್ರ ಒಂದೇ ಅಂತ ನನಗೆ ಅನ್ನಿಸಿತು: ಇಷ್ಟು ಕಲಿಸಿದ್ದು ಬೇಕಾದ ಹೊತ್ತಿಗೆ ಯಾಕೆ ಕೆಲಸಕ್ಕೆ ಬರಲಿಲ್ಲ?

ಬಂತು ತಾಯಿ. ನಿಮ್ಮ ಮಗ ಕಲಿತದ್ದನ್ನೇ ಮಾಡಿದ. ಅವನ ಲೆಕ್ಕ ನೋಡಿ. ಪೊಲೀಸ್ ಏನು ಮಾಡುತ್ತಾರೆ? 'ಕಳ್ಳರನ್ನ ಹಿಡೀತಾರೆ.' ಇದು ಕಾರ್ಡಿನ ಪಾಠ. ಊಟ ಮಾಡದ ಮಕ್ಕಳನ್ನೂ ಹಿಡೀತಾರೆ. ಇದು ಅಜ್ಜಿಯ ಪಾಠ. ಇವೆರಡನ್ನೂ ಕೂಡಿಸಿದರೆ ಪೊಲೀಸ್ ಅಂದರೆ ತಪ್ಪು ಮಾಡಿದವರನ್ನು ಹಿಡಿದುಕೊಂಡು ಹೋಗುವವರು. ಅವತ್ತು ಅಮ್ಮನ ಕೈ ಬಿಟ್ಟಿದ್ದು ಅವನ ದೃಷ್ಟಿಯಲ್ಲಿ ದೊಡ್ಡ ತಪ್ಪು, ಅಷ್ಟರಲ್ಲಿ ಖಾಕಿ ಬಟ್ಟೆಯವರು ನೇರ ಅವನ ಕಡೆಗೇ ಬರುತ್ತಿದ್ದಾರೆ. ಅವನಿರಲಿ, ಆ ವಯಸ್ಸಿನಲ್ಲಿ ನಾನಾಗಿದ್ದರೂ ಗಾಡಿ ಕೆಳಗೇ ನುಗ್ಗುತ್ತಿದ್ದೆ.

ಈಗ ಅತ್ತೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮುಂಚೆ ಇನ್ನೊಂದು ವಿಷಯ. ಚಿತ್ರದುರ್ಗದಲ್ಲಿ ನಾನು ಶಿಶುವಿಹಾರ ನಡೆಸುತ್ತಿದ್ದಾಗ ಒಂದು ದಿನ ಮಕ್ಕಳನ್ನು ಕೇಳಿದೆ, ಪೊಲೀಸ್ ಅಂದ್ರೆ ಯಾರು ಅಂತ. ಒಬ್ಬಳು ಪುಟ್ಟಿ ಎದ್ದು ನಿಂತು ಹೇಳಿದಳು: 'ಅವ್ರು ನಿಂತಿದ್ರೆ ನಮ್ಮಪ್ಪ ಗಾಡಿ ತಿರುಗಿಸ್ತಾರೆ.' ಎಲ್ಲ ಟೀಚರ್‌ಗಳೂ ನಕ್ಕರು, ನಾನೂ ನಕ್ಕೆ, ಆಮೇಲೆ ನಗು ಬರಲಿಲ್ಲ. ಹೆಲ್ಮೆಟ್ ಹಾಕದೆ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೊರಡುತ್ತೇವೆ, ಸರ್ಕಲ್‌ನಲ್ಲಿ ಬಿಳಿ ಅಂಗಿ ಕಂಡ ತಕ್ಷಣ 'ಅಯ್ಯೋ ಪೊಲೀಸ್' ಅಂತ ಸಂದಿಗೆ ತಿರುಗಿಸುತ್ತೇವೆ. ಮಗು ಟ್ಯಾಂಕ್ ಮುಂದೆ ನಿಂತು ಇದನ್ನು ವಾರಕ್ಕೆ ನಾಲ್ಕು ಸಲ ನೋಡುತ್ತದೆ. ಅಜ್ಜಿ ಬಾಯಲ್ಲಿ ಹೇಳುತ್ತಾರೆ ಅಷ್ಟೇ. ನಾವು ಮಾಡಿ ತೋರಿಸುತ್ತೇವೆ. ಅಂದ ಹಾಗೆ, 2023ರ ಫೆಬ್ರವರಿಯಿಂದ ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೈಕಿನಲ್ಲಿ ಹೆಲ್ಮೆಟ್ ಕಡ್ಡಾಯ. ಓಡಿಸುವವರಿಗೆ ಮಗುವನ್ನು ಬಿಗಿಯುವ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ನಿಮ್ಮವನಿಗೆ ನಾಲ್ಕು ದಾಟಿದೆ, ಅವನಿಗೂ ದೊಡ್ಡವರಂತೆ ಹೆಲ್ಮೆಟ್ ಬೇಕೇ ಬೇಕು. ಒಂದು ಪುಟಾಣಿ ಹೆಲ್ಮೆಟ್ ತಂದುಬಿಡಿ. ಅದು ಹಾಕಿಕೊಂಡು ಟ್ರಾಫಿಕ್ ಪೊಲೀಸರ ಮುಂದೆ ಆರಾಮಾಗಿ ಹೋಗುವುದೇ ಒಂದು ಪಾಠ.

ಅತ್ತೆಯವರ ವಿಷಯಕ್ಕೆ ಬರೋಣ. 'ನಿನ್ನ ಗಂಡನ್ನೂ ಹಿಂಗೇ ಬೆಳೆಸಿದ್ದು' ಅನ್ನುವುದು ಸುಳ್ಳಲ್ಲ. ಅವರ ಕಾಲದಲ್ಲಿ ಹಿತ್ತಲಲ್ಲಿ ಕಟ್ಟೆ ಇಲ್ಲದ ಬಾವಿ, ಅಡುಗೆಮನೆಯಲ್ಲಿ ಸೌದೆ ಒಲೆ, ಕೊಟ್ಟಿಗೆಯಲ್ಲಿ ಹಾಯುವ ಎಮ್ಮೆ. ಮನೆ ತುಂಬ ಕೆಲಸ, ಹಿಂದೆ ಹಿಂದೆ ಓಡುವವರು ಯಾರೂ ಇಲ್ಲ. ಬಾವಿಯಲ್ಲಿ ಗುಮ್ಮ ಇದ್ದಾನೆ ಅಂದರೆ ಮಗು ಬಾವಿ ಹತ್ತಿರ ಹೋಗುತ್ತಿರಲಿಲ್ಲ. ಹೆದರಿಕೆಯೇ ಬೇಲಿ. ಆ ಬೇಲಿ ಎಷ್ಟೋ ಮಕ್ಕಳನ್ನು ಉಳಿಸಿದೆ. ತೊಂದರೆ ಎಲ್ಲಿ ಅಂದರೆ, ಗುಮ್ಮನ ಹತ್ತಿರ ಮಗು ಮುಂದೊಂದು ದಿನ ಸಹಾಯ ಕೇಳಬೇಕಾಗಿ ಬರುವುದಿಲ್ಲ. ಪೊಲೀಸರ ಹತ್ತಿರ, ಡಾಕ್ಟರ ಹತ್ತಿರ ಬರುತ್ತದೆ.

ಹಾಗಾಗಿ ಅತ್ತೆಯವರಿಗೆ ಹೆದರಿಸಲೇಬೇಡಿ ಅಂತ ಉಪದೇಶ ಮಾಡಲು ಹೋಗಬೇಡಿ, ಅದು ಜಗಳಕ್ಕೆ ದಾರಿ, ಆ ಜಗಳವನ್ನೂ ಮಗ ಕೂತು ನೋಡುತ್ತಾನೆ. ಒಂದು ರಾಜಿ ಮಾಡಿಕೊಳ್ಳಿ. 'ಅತ್ತೆ, ಗುಮ್ಮ ಬೇಕಾದ್ರೆ ಇರ್ಲಿ, ಗೊಗ್ಗಯ್ಯನೂ ಇರ್ಲಿ, ಪೊಲೀಸು ಡಾಕ್ಟ್ರು ಮಾತ್ರ ಬೇಡ. ಜಾತ್ರೆಲಿ ಏನಾಯ್ತು ನೋಡಿದ್ರಲ್ಲ' ಅಂದುಬಿಡಿ. ಇದು ನೂರಕ್ಕೆ ನೂರು ಸರಿಯಾದ ಸಲಹೆ ಅಂತ ಪುಸ್ತಕ ಓದಿದವರು ಒಪ್ಪಲಿಕ್ಕಿಲ್ಲ. ಗುಮ್ಮನೂ ಒಳ್ಳೆಯದಲ್ಲ, ರಾತ್ರಿ ಬೆಚ್ಚಿ ಬೀಳುವ ಮಕ್ಕಳನ್ನು ನಾನೂ ನೋಡಿದ್ದೇನೆ. ಆದರೆ ಎರಡರಲ್ಲಿ ಯಾವುದು ಮೊದಲು ನಿಲ್ಲಬೇಕು ಅಂದರೆ ಪೊಲೀಸ್-ಸೂಜಿ ಬೆದರಿಕೆ ಮೊದಲು ನಿಲ್ಲಬೇಕು. ಉಳಿದದ್ದು ನಿಧಾನಕ್ಕೆ.

ಜೊತೆಗೆ ಅವರಿಗೆ ಒಂದು ಕೆಲಸ ಕೊಡಿ. ಓಬವ್ವನ ಕತೆ ಅವರಿಗಿಂತ ಚೆನ್ನಾಗಿ ನೀವು ಹೇಳಲಾರಿರಿ. ಕಾವಲುಗಾರ ಊಟಕ್ಕೆ ಕೂತಿದ್ದಾನೆ, ಹೆಂಡತಿ ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಶತ್ರುಗಳ ಸದ್ದು, ಗಂಡನ ಊಟ ಕೆಡಿಸುವುದು ಬೇಡ ಅಂತ ತಾನೇ ಒನಕೆ ಹಿಡಿದು ನಿಂತಳು. ರಕ್ತ, ಹೆಣ ಎಲ್ಲ ನಾಲ್ಕು ವರ್ಷದವನಿಗೆ ಬೇಡ. ಊರೆಲ್ಲ ನಿದ್ದೆ ಮಾಡುವಾಗ ಕಾವಲು ಕಾಯುವವರು ಇರುತ್ತಾರೆ, ಅವರು ನಮ್ಮ ಕಡೆಯವರು, ಅನ್ನುವಷ್ಟು ಸಾಕು. 'ಈಗ ಕೋಟೆ ಕಾಯೋರು ಯಾರು ಅಜ್ಜಿ?' ಅಂತ ಅವನು ಕೇಳಿಯೇ ಕೇಳುತ್ತಾನೆ. ಆಗ ಅಜ್ಜಿಯ ಬಾಯಿಂದಲೇ 'ಪೊಲೀಸರಪ್ಪ' ಅಂತ ಬಂದರೆ ನಿಮ್ಮ ಅರ್ಧ ಕೆಲಸ ಆಯಿತು.

ಡಾಕ್ಟರ ವಿಷಯ ಬೇಗ ಹೇಳಿಬಿಡುತ್ತೇನೆ. ಐದರಿಂದ ಆರು ವರ್ಷದೊಳಗೆ ಅವನಿಗೆ ಡಿಪಿಟಿ ಬೂಸ್ಟರ್ ಸೂಜಿ ಇದೆ. 'ನೋವೇ ಆಗಲ್ಲ' ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಇರುವೆ ಕಚ್ಚಿದ ಹಾಗಾಗುತ್ತದೆ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ, ಅಳು ಬಂದರೆ ಅಳಬಹುದು ಅಂತ ನಿಜ ಹೇಳಿ. ಒಂದು ಸಲ ಸುಳ್ಳು ಸಿಕ್ಕಿಬಿದ್ದರೆ ಮುಂದೆ ನೀವು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ.

ಇನ್ನು 'ಅಪರಿಚಿತರ ಜೊತೆ ಮಾತಾಡಬೇಡ'. ನಿಮ್ಮ ಗೊಂದಲ ಸರಿಯಾಗಿಯೇ ಇದೆ, ಆ ಮಾತೇ ಸರಿಯಿಲ್ಲ. ಅಪರಿಚಿತ ಅಂದರೆ ಯಾರು ಅಂತ ನಿಮ್ಮ ಮಗನನ್ನೇ ಕೇಳಿ ನೋಡಿ. ದೊಡ್ಡ ಮೀಸೆ, ಕೆಂಪು ಕಣ್ಣು, ಹೆಗಲ ಮೇಲೆ ಗೋಣಿಚೀಲ, ಹೀಗೇನೋ ಹೇಳುತ್ತಾನೆ. ನಗುನಗುತ್ತಾ ಚಾಕಲೇಟ್ ಕೊಡುವ ಜೀನ್ಸ್ ಪ್ಯಾಂಟಿನ ಅಣ್ಣ ಅವನ ಲೆಕ್ಕದಲ್ಲಿ ಅಪರಿಚಿತನೇ ಅಲ್ಲ. ಎರಡು ಸಲ ಗೇಟ್ ಹತ್ತಿರ ನಿಂತು ಮಾತಾಡಿಸಿದವನು ಮೂರನೇ ಸಲಕ್ಕೆ 'ನಮ್ಮ ಮಾಮ' ಆಗಿಬಿಡುತ್ತಾನೆ. ಅದೂ ಅಲ್ಲದೆ ನಾವು ದಿನಾ ತರಕಾರಿಯವರ ಜೊತೆ, ಆಟೋದವರ ಜೊತೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಜೊತೆ ಮಾತಾಡುತ್ತೇವೆ. ಮಗು ನಮ್ಮ ಮಾತು ನಂಬಬೇಕಾ, ಕಣ್ಣಿಗೆ ಕಂಡದ್ದನ್ನು ನಂಬಬೇಕಾ?

ಮಕ್ಕಳ ಕಳ್ಳರ ವಾಟ್ಸಾಪ್ ಮೆಸೇಜುಗಳು ಬೇರೆ. 2018ರಲ್ಲಿ ದೇಶದ ಎಷ್ಟೋ ಕಡೆ ಈ ವದಂತಿ ನಂಬಿ ಅಮಾಯಕರನ್ನು ಬಡಿದರು. ನಮ್ಮ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಹಳ್ಳಿಯ ಮಕ್ಕಳಿಗೆ ಚಾಕಲೇಟ್ ಕೊಟ್ಟಿತು, ಅಷ್ಟಕ್ಕೇ ಅನುಮಾನ ಹುಟ್ಟಿ ಜನ ಮುತ್ತಿಕೊಂಡು ಒಬ್ಬ ಯುವಕ ಸತ್ತೇಹೋದ. ಮಕ್ಕಳ ಅಪಹರಣ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಹೆದರಿಕೆಯೆಲ್ಲ ಗೋಣಿಚೀಲದವನ ಮೇಲೆ ಖರ್ಚಾಗಿ ಹೋದರೆ ಮನೆಯೊಳಗಿನದು ಕಾಣುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಅಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ನೆಂಟರು, ನೆರೆಯವರು, ಮನೆಗೆ ಬಂದು ಹೋಗುವವರು. ಅಪರಿಚಿತರ ಪಾಠ ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಅದಕ್ಕೇ ನಾನು ಟೀಚರ್‌ಗಳಿಗೆ ಹೇಳುವುದು, ಯಾರು ಅನ್ನುವುದನ್ನು ಬಿಟ್ಟು ಏನು ಮಾಡಿದರು ಅನ್ನುವುದನ್ನು ಕಲಿಸಿ ಅಂತ. 'ಅಮ್ಮನ್ನ ಕೇಳದೆ ಯಾರ ಜೊತೆನೂ ಎಲ್ಲಿಗೂ ಹೋಗಬಾರದು.' ಮಾಮ ಆದರೂ ಸರಿ, ಪಕ್ಕದ ಮನೆ ಆಂಟಿ ಆದರೂ ಸರಿ, ಪೊಲೀಸ್ ಆದರೂ ಸರಿ. ಇದರಲ್ಲಿ ಮಗುವಿಗೆ ಊಹೆ ಮಾಡುವ ಕೆಲಸ ಇಲ್ಲ. ಯಾರು ಒಳ್ಳೆಯವರು ಯಾರು ಕೆಟ್ಟವರು ಅಂತ ನಮಗೇ ಗೊತ್ತಾಗುವುದಿಲ್ಲ, ನಾಲ್ಕು ವರ್ಷದವನ ತಲೆಗೆ ಆ ಭಾರ ಹಾಕುವುದು ಅನ್ಯಾಯ ಅಲ್ವಾ?

ಈಗ ಜಾತ್ರೆಗೆ ವಾಪಸ್ ಹೋಗೋಣ, ಇದು ಮುಖ್ಯ. ಕೈ ತಪ್ಪಿದ ಮಗು ಮಾಡಬೇಕಾದ ಮೊದಲ ಕೆಲಸ ನಿಂತಲ್ಲೇ ನಿಲ್ಲುವುದು. ಕಳೆದುಹೋದ ಮಕ್ಕಳು ಅಮ್ಮನನ್ನು ಹುಡುಕುತ್ತಾ ನಡೆಯುತ್ತಲೇ ಇರುತ್ತಾರೆ, ಅಮ್ಮ ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತಿರುತ್ತಾಳೆ, ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಸುತ್ತುತ್ತಿರುತ್ತಾರೆ. 'ಅಮ್ಮ ಕಾಣ್ತಿಲ್ವಾ? ಕಂಬ ಆಗು' ಅಂತ ಕಲಿಸಿ. ಮನೆಯಲ್ಲೇ ಆಟ ಆಡಿಸಿ. ನೀವು ಅಡುಗೆಮನೆಗೆ ಹೋಗಿ ಅವಿತುಕೊಳ್ಳಿ, ಅವನು ನಡುಮನೆಯಲ್ಲಿ ಕಂಬ ಆಗಲಿ, ನೀವು ಬಂದು ಕಂಬವನ್ನು ತಬ್ಬಿಕೊಳ್ಳಿ. ಹತ್ತು ಸಲ ಆಡಿದರೆ ಕಾಲಿಗೆ ಅಭ್ಯಾಸ ಆಗುತ್ತದೆ. ಹೆದರಿಕೆ ಬಂದ ಹೊತ್ತಿಗೆ ತಲೆ ಕೆಲಸ ಮಾಡುವುದಿಲ್ಲ, ಮೈಗೆ ಆದ ಅಭ್ಯಾಸ ಕೆಲಸ ಮಾಡುತ್ತದೆ.

ಎರಡನೆಯದು, ನಿಮ್ಮ ಹೆಸರು ಹಿಡಿದು ಕೂಗಬೇಕು. 'ಅಮ್ಮಾ' ಅಂತ ಕೂಗಿದರೆ ಜಾತ್ರೆಯಲ್ಲಿ ಇರುವ ಹೆಂಗಸರೆಲ್ಲ ತಿರುಗಿ ನೋಡುತ್ತಾರೆ, ಇಲ್ಲ ಯಾರೂ ನೋಡುವುದಿಲ್ಲ. ಹೆಸರು ಕೂಗಿದರೆ ನೀವೊಬ್ಬರೇ ನಿಲ್ಲುತ್ತೀರಿ. ಅತ್ತೆಯವರಿಗೆ ಇದು ಸ್ವಲ್ಪ ಕಷ್ಟ ಆಗಬಹುದು, ಹೆತ್ತ ತಾಯಿಯ ಹೆಸರು ಹಿಡಿದು ಕೂಗುವುದು ಯಾವ ಸಂಸ್ಕಾರ ಅಂತ. ನನ್ನ ಹತ್ತಿರ ಬರುವ ಅಜ್ಜಿಯರಲ್ಲಿ ಅರ್ಧ ಜನ ಹೀಗೇ ಅಂತಾರೆ. ಆದರೆ ಎಷ್ಟು ಮಕ್ಕಳಿಗೆ ಅಮ್ಮನ ಹೆಸರೇ ಗೊತ್ತಿರುವುದಿಲ್ಲ ಗೊತ್ತಾ? 'ನಿಮ್ಮಮ್ಮನ ಹೆಸರೇನು ಪುಟ್ಟ?' 'ಅಮ್ಮ.' 'ಅಪ್ಪ ಏನಂತ ಕರೀತಾರೆ?' 'ಏಯ್ ಅಂತಾರೆ.' ಪೊಲೀಸರು ಮೈಕಿನಲ್ಲಿ ಏನಂತ ಕೂಗಬೇಕು?

ಮೂರನೆಯದು, ಕೂಗಿದರೂ ಅಮ್ಮ ಬರದಿದ್ದರೆ ಯಾರ ಹತ್ತಿರ ಹೋಗಬೇಕು ಅನ್ನುವುದು. ಪೊಲೀಸರು ಕಂಡರೆ ಅವರು. ಆದರೆ ಪೊಲೀಸರು ಎಲ್ಲ ಕಡೆ ಇರುವುದಿಲ್ಲ, ಖಾಕಿ ಬಟ್ಟೆ ಆಟೋದವರದ್ದೂ ಹೌದು, ಸೆಕ್ಯೂರಿಟಿಯವರ ಬಟ್ಟೆಯೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ, ಚಿಕ್ಕ ಮಗುವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಇನ್ನಿಬ್ಬರನ್ನು ಸೇರಿಸಿ: ಅಂಗಡಿಯ ಗಲ್ಲಾದಲ್ಲಿ ಕೂತವರು, ಚಿಕ್ಕ ಮಗು ಎತ್ತಿಕೊಂಡಿರುವ ಅಮ್ಮ. ಗಲ್ಲಾದವರು ಅಂಗಡಿ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ, ಮಗುವಿನ ತಾಯಿ ಅಳುವ ಮಗುವನ್ನು ಬಿಟ್ಟು ಹೋಗುವುದು ಕಡಿಮೆ. ಇಬ್ಬರೂ ಒಳ್ಳೆಯವರೇ ಆಗಿರುತ್ತಾರೆ ಅಂತ ಬರೆದುಕೊಡಲು ಆಗುವುದಿಲ್ಲ. ಆದರೆ ಸುಮ್ನೆ ಅಳುತ್ತಾ ನಿಂತ ಮಗುವಿನ ಹತ್ತಿರ ತಾವಾಗಿ ಬರುವವರಿಗಿಂತ, ಮಗುವೇ ಆರಿಸಿ ಹೋದವರು ತೊಂದರೆ ಕೊಡುವ ಸಾಧ್ಯತೆ ತೀರಾ ಕಡಿಮೆ. ಹೋಗಿ ಹೇಳಬೇಕಾದ ಮಾತು ಇಷ್ಟೇ: 'ನಾನು ಕಳೆದುಹೋಗಿದೀನಿ. ಅಮ್ಮಂಗೆ ಫೋನ್ ಮಾಡಿ. ನಾನು ಇಲ್ಲೇ ಇರ್ತೀನಿ.' ಆ ಕೊನೆಯ ಮಾತು ಬಿಡಬೇಡಿ. 'ಬಾ, ಅಮ್ಮನ್ನ ತೋರಿಸ್ತೀನಿ' ಅಂದರೆ ಹೋಗಬಾರದು, ಅದಕ್ಕೆ ಆ ಮಾತು.

ಫೋನ್ ನಂಬರು ನಾಲ್ಕು ವರ್ಷಕ್ಕೆ ಬಾಯಿಪಾಠ ಆಗುತ್ತದಾ ಅಂತ ಕೇಳುತ್ತಾರೆ. ಹಾಡಿನ ಹಾಗೆ ಹೇಳಿಸಿದರೆ ಆಗುತ್ತದೆ. ಹತ್ತು ಅಂಕಿಯನ್ನು ಮೂರು-ಮೂರು-ನಾಲ್ಕು ಅಂತ ಮುರಿದು, ಸ್ನಾನ ಮಾಡಿಸುವಾಗ ತಂಬಿಗೆ ನೀರು ಹಾಕುತ್ತಾ ಹಾಡಿ. ಹದಿನೈದು ದಿನ ಸಾಕು. ಒಂದೇ ನಂಬರ್, ನಿಮ್ಮದೋ ಅವರಪ್ಪನದೋ, ಯಾರು ಫೋನ್ ಎತ್ತುತ್ತಾರೋ ಅವರದು. ಜಾತ್ರೆಯಲ್ಲಿ ಮಾತ್ರ ಜನ ಜಾಸ್ತಿಯಾಗಿ ಫೋನೇ ಸಿಗುವುದಿಲ್ಲ, ಅದಕ್ಕೆ ದೊಡ್ಡವರು ಮೊದಲೇ ಒಂದು ಜಾಗ ಗೊತ್ತು ಮಾಡಿಕೊಳ್ಳಿ, ಮಗು ಸಿಕ್ಕರೂ ಸಿಗದಿದ್ದರೂ ಒಬ್ಬರು ಅಲ್ಲಿ ನಿಂತಿರಬೇಕು ಅಂತ. ಹೊರಡುವ ಮುಂಚೆ ಆ ದಿನದ ಬಟ್ಟೆಯಲ್ಲಿ ಮಗುವಿನ ಒಂದು ಫೋಟೋ ತೆಗೆದುಕೊಳ್ಳಿ. ಗಾಬರಿಯಲ್ಲಿ ಅಂಗಿ ಯಾವ ಬಣ್ಣ ಅನ್ನುವುದೇ ಮರೆತುಹೋಗುತ್ತದೆ. ನನಗೆ ಮರೆತಿತ್ತು.

ಬ್ಯಾಗಿನ ಮೇಲಿನ ಹೆಸರು ತೆಗೆಸಿ. ಯಾರು ಬೇಕಾದರೂ ಅದನ್ನು ಓದಿ ಹೆಸರು ಹಿಡಿದು ಕರೆಯಬಹುದು, ಹೆಸರು ಕರೆದವರೆಲ್ಲ ಮಗುವಿಗೆ ಪರಿಚಯದವರೇ. ಹೆಸರು ಒಳಗಿನ ಜೇಬಿನಲ್ಲಿರಲಿ. ಜನಜಂಗುಳಿಗೆ ಹೋಗುವ ದಿನ ಮುಂಗೈ ಮೇಲೆ ನಂಬರ್ ಬರೆಯಿರಿ. ಬಾಲ್‌ಪೆನ್ ಬೆವರಿಗೆ ಅಳಿಸಿಹೋಗುತ್ತದೆ, ಮಾರ್ಕರ್ ಪರವಾಗಿಲ್ಲ, ನಮ್ಮ ಕಡೆ ಕೆಲವು ತಾಯಂದಿರು ಹಿಂದಿನ ರಾತ್ರಿ ಮೆಹಂದಿಯಲ್ಲಿ ಬರೆಯುತ್ತಾರೆ, ಅದು ನನಗೆ ತುಂಬಾ ಹಿಡಿಸಿತು. ಕೊರಳಿಗೆ ದಾರ ಕಟ್ಟಿ ಬಿಲ್ಲೆ ಹಾಕುವುದು ಬೇಡ, ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಉಡಿದಾರಕ್ಕೆ ಕಟ್ಟಿದ್ದೇವೆ ಅಂದರು ಒಬ್ಬರು. ಅಲ್ಲಿ ಯಾರು ನೋಡುತ್ತಾರೆ ಮಾರಾಯರೇ! ಜಿಪಿಎಸ್ ವಾಚು ಇದ್ದರೆ ಇರಲಿ, ಆದರೆ ಅದನ್ನು ನಂಬಿ ಕೈ ಬಿಡಬೇಡಿ.

ರಸ್ತೆ ವಿಷಯದಲ್ಲಿ ಈ ವಯಸ್ಸಿಗೆ ಆಯ್ಕೆಯೇ ಇಲ್ಲ. ಬರುವ ಗಾಡಿಯ ವೇಗ, ದೂರ ಅಳೆಯುವ ಶಕ್ತಿ ಮಕ್ಕಳಿಗೆ ಎಂಟು-ಒಂಬತ್ತು ವರ್ಷದ ತನಕ ಸರಿಯಾಗಿ ಬರುವುದಿಲ್ಲ. 'ಎಡಕ್ಕೆ ನೋಡು ಬಲಕ್ಕೆ ನೋಡು' ಪದ್ಯ ಎಷ್ಟು ಚೆನ್ನಾಗಿ ಹೇಳಿದರೂ ಅವನು ನೋಡುತ್ತಾನೆ, ತಿಳಿಯುವುದಿಲ್ಲ. ಕೈ ಹಿಡಿದೇ ದಾಟಬೇಕು.

ಹೊರಗಿನ ಕಳ್ಳರ ಬಗ್ಗೆ ಇಷ್ಟು ಯೋಚನೆ ಮಾಡುವ ನಾವು ಮನೆಯ ಸಂಪಿನ ಮುಚ್ಚಳದ ಬಗ್ಗೆ ಯೋಚಿಸುವುದಿಲ್ಲ. ದಾವಣಗೆರೆಯಲ್ಲಿ ನೀರು ಬಂದ ದಿನ ಮುಚ್ಚಳ ತೆಗೆದಿಟ್ಟು ಒಳಗೆ ಮೋಟರ್ ಹಾಕಲು ಹೋಗುವುದು ಮನೆಮನೆಯ ಕತೆ. ಅದಕ್ಕೆ ಮಗುವಿಗೆ ಪಾಠ ಹೇಳಬೇಡಿ, ಮುಚ್ಚಳಕ್ಕೆ ಬೀಗ ಹಾಕಿ. ಮಗುವಿಗೆ ಕಲಿಸಬೇಕಾದದ್ದು ಯಾವುದು, ನಾವೇ ಮಾಡಬೇಕಾದದ್ದು ಯಾವುದು ಅನ್ನುವ ವ್ಯತ್ಯಾಸ ನಮಗೆ ಇರಬೇಕು. ಗ್ಯಾಸ್ ವಾಸನೆ ಮಾತ್ರ ಕಲಿಸಬಹುದು, ಮಕ್ಕಳ ಮೂಗು ಚುರುಕು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದ್ದು ತಿಳಿಯಲಿ ಅಂತಲೇ ಆ ಕೆಟ್ಟ ವಾಸನೆ ಸೇರಿಸಿರುತ್ತಾರೆ. 'ಆ ವಾಸನೆ ಬಂದ್ರೆ ಸ್ವಿಚ್ ಮುಟ್ಟಬೇಡ, ಹೊರಗೆ ಓಡಿ ಬಂದು ಹೇಳು' ಅನ್ನಿ. ಗ್ಯಾಸ್ ಸೋರಿಕೆಗೆ 1906 ಇದೆ, ಅದು ನಿಮ್ಮ ಫೋನಿನಲ್ಲಿರಲಿ.

ಬೆಂಕಿ ಆರಿಸುವವರ ಬಗ್ಗೆ ಒಂದು ಮಾತು, ಇದು ನಿಮ್ಮ ತಳ್ಳುಗಾಡಿ ಕತೆಗೇ ಹೊಂದುತ್ತದೆ. ಬೆಂಕಿ ಬಿದ್ದ ಮನೆಯಲ್ಲಿ ಚಿಕ್ಕ ಮಕ್ಕಳು ಮಂಚದ ಕೆಳಗೆ, ಬೀರುವಿನ ಸಂದಿಯಲ್ಲಿ ಅವಿತುಕೊಳ್ಳುತ್ತಾರೆ. ಹೊಗೆಯಲ್ಲಿ ಮುಖವಾಡ, ಬೆನ್ನಿಗೆ ಸಿಲಿಂಡರ್, ಬುಸ್ ಬುಸ್ ಅಂತ ಉಸಿರಾಟ, ಇಂಥ ಆಕಾರ ಬಂದರೆ ಮಗು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಕಾರ್ಡಿನಲ್ಲಿ ನಗುತ್ತಾ ಪೈಪು ಹಿಡಿದು ನಿಂತ ಚಿತ್ರ ಇದಕ್ಕೆ ತಯಾರು ಮಾಡುವುದಿಲ್ಲ. ಏಪ್ರಿಲ್ 14ರಿಂದ 20ರ ತನಕ ಅಗ್ನಿಶಾಮಕ ಸಪ್ತಾಹ ಇರುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಗೊಂಡು ಬೆಂಕಿ ಆರಿಸುತ್ತಿದ್ದ ಸಿಬ್ಬಂದಿ ತುಂಬಾ ಜನ ಸತ್ತರು, ಅವರ ನೆನಪಿಗೆ. ಆ ವಾರ ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ನಾನು ಶಿಶುವಿಹಾರದ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಸಿಬ್ಬಂದಿಯೊಬ್ಬರು ಮುಖವಾಡ ಹಾಕಿದ ಕೂಡಲೇ ಅರ್ಧ ಕ್ಲಾಸು ಅತ್ತಿತು. ಅವರು ತೆಗೆದರು, ನಕ್ಕರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಐದನೇ ಸಲಕ್ಕೆ ಮಕ್ಕಳು 'ನಂಗೆ ಹಾಕಿ, ನಂಗೆ ಹಾಕಿ' ಅಂತ ಮುತ್ತಿಕೊಂಡರು.

ಗುಡ್ ಟಚ್ ಬ್ಯಾಡ್ ಟಚ್ ಈಗಲೇ ಹೇಳಬೇಕು, ಆದರೆ ಹಾಗಲ್ಲ. ಮುಟ್ಟಿದ್ದು ಒಳ್ಳೆಯದಾ ಕೆಟ್ಟದ್ದಾ ಅಂತ ಮಗು ಹೇಗೆ ತೀರ್ಮಾನಿಸುತ್ತದೆ? ಸೂಜಿ ನೋವು ಕೊಡುತ್ತದೆ, ಒಳ್ಳೆಯದು. ಕಚಗುಳಿ ನಗು ತರಿಸುತ್ತದೆ, ಒಳ್ಳೆಯದೇ ಆಗಿರಬೇಕಿಲ್ಲ. ಅದರ ಬದಲು ನೇರ ಹೇಳಿ: 'ಚಡ್ಡಿ ಒಳಗಿನ ಜಾಗ ನಿನ್ನದು. ತೊಳೆಯೋಕೆ ಅಮ್ಮ, ಅಪ್ಪ, ಅಜ್ಜಿ ಮುಟ್ಟಬಹುದು. ಡಾಕ್ಟ್ರು ನೋಡಬಹುದು, ಅಮ್ಮ ಪಕ್ಕದಲ್ಲಿದ್ದಾಗ ಮಾತ್ರ. ಬೇರೆ ಯಾರು ಮುಟ್ಟಿದ್ರೂ, ಯಾರಾದ್ರೂ ಅವರದ್ದನ್ನ ಮುಟ್ಟು ಅಂದ್ರೂ ಬಂದು ಹೇಳು.' ತೊಳೆಯುವವರೇ ಆಟ ಮಾಡಿಕೊಂಡು ಮುಟ್ಟಿದರೂ ಹೇಳಬೇಕು ಅನ್ನುವುದನ್ನು ಸೇರಿಸಿ. ಆ ಜಾಗಗಳಿಗೆ ಒಂದು ಸರಿಯಾದ ಹೆಸರು ಕಲಿಸಿ, ಹೆಸರಿಲ್ಲದ್ದನ್ನು ಮಗು ದೂರು ಹೇಳುವುದು ಹೇಗೆ? ಮತ್ತೆ 'ಅಮ್ಮಂಗೆ ಹೇಳಬೇಡ' ಅಂತ ಯಾರಾದರೂ ಅಂದರೆ ಅದನ್ನೇ ಮೊದಲು ಹೇಳಬೇಕು ಅಂತ ಕಲಿಸಿ. ಅಕಸ್ಮಾತ್ ಹೇಳಿದನೋ, ಕಿರುಚಬೇಡಿ, 'ಯಾಕೆ ಹೋಗಿದ್ದೆ' ಅನ್ನಬೇಡಿ. 'ಹೇಳಿದ್ದು ಒಳ್ಳೇದಾಯ್ತು' ಅಂದು ಸುಮ್ಮನೆ ಕೇಳಿಸಿಕೊಳ್ಳಿ, ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಜೊತೆಗೆ, ನೆಂಟರು ಬಂದಾಗ 'ಮಾಮಂಗೆ ಮುತ್ತು ಕೊಡು' ಅಂತ ದಬ್ಬುವುದನ್ನು ನಿಲ್ಲಿಸಿ. ಕೈ ಮುಗಿದರೆ ಸಾಲದಾ?

ಹೆದರಿಕೊಳ್ಳುವುದಿಲ್ಲವಾ ಅಂದಿರಿ. ಹೇಳುವ ದನಿ ನೋಡಿಕೊಂಡು ಮಗು ಹೆದರುತ್ತದೆ. ಹಲ್ಲುಜ್ಜು ಅನ್ನುವ ದನಿಯಲ್ಲೇ ಇದನ್ನೂ ಹೇಳಿ, ಸ್ನಾನದ ಹೊತ್ತಲ್ಲಿ, ಬಟ್ಟೆ ಹಾಕುವ ಹೊತ್ತಲ್ಲಿ, ಎರಡೆರಡು ಮಾತು. ಒಂದೇ ದಿನ ಕೂರಿಸಿಕೊಂಡು ಎಲ್ಲ ಹೇಳಿದರೆ ಮಾತ್ರ ರಾತ್ರಿ ನಿದ್ದೆ ಬರುವುದಿಲ್ಲ, ಅವನಿಗೂ ನಿಮಗೂ.

ತುರ್ತು ನಂಬರುಗಳಲ್ಲಿ ಅವನಿಗೆ 112 ಒಂದು ಸಾಕು, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ. 108 ನಿಮಗೆ ಗೊತ್ತೇ ಇದೆ. ಕಾಗದದ ಮೇಲೆ ಫೋನ್ ಬರೆದು ಒತ್ತಿಸಿ ಆಡಿಸಿ, ನಿಜವಾದ ಫೋನಿನಲ್ಲಿ ಬೇಡ, ಸುಮ್ನೆ ಕರೆ ಹೋಗುತ್ತದೆ. ಅಮ್ಮ ಎಬ್ಬಿಸಿದರೂ ಏಳುತ್ತಿಲ್ಲ ಅಂದರೆ ಮೊದಲು ಪಕ್ಕದ ಮನೆಗೆ ಓಡಬೇಕು, ಅವರಿಲ್ಲದಿದ್ದರೆ 112. ನಮ್ಮ ಊರುಗಳಲ್ಲಿ ಇನ್ನೂ ಪಕ್ಕದ ಮನೆಯೇ ಎಲ್ಲದಕ್ಕಿಂತ ಬೇಗ ಬರುವುದು.

ಇನ್ನು ಆ ಕಾರ್ಡುಗಳು. ಎಸೆಯಬೇಡಿ, ಆದರೆ ಅದರಲ್ಲಿರುವ ಹಾಲಿನವನು ಹಸುವಿನ ಪಕ್ಕ ಕ್ಯಾನ್ ಹಿಡಿದು ನಿಂತಿದ್ದಾನೆ, ನಿಮ್ಮ ಮನೆಗೆ ಬರುವುದು ನಂದಿನಿ ಪ್ಯಾಕೆಟ್. ನಿಮ್ಮ ಬೀದಿಯ ನಿಜವಾದ ಸಹಾಯಕರು ಯಾರು? ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯವರು, ನೀರು ಬಿಡುವ ವಾಲ್‌ಮನ್, ಕಂಬ ಹತ್ತುವ ಬೆಸ್ಕಾಂ ಲೈನ್‌ಮನ್, ಅಂಗನವಾಡಿ ಟೀಚರ್, ಪೋಲಿಯೋ ಹನಿ ಹಾಕಲು ಬರುವ ಆಶಾ ಕಾರ್ಯಕರ್ತೆ, ಮೂಲೆ ಕಿರಾಣಿ ಅಂಗಡಿಯವರು. ದಿನಕ್ಕೊಬ್ಬರ ಹತ್ತಿರ ಎರಡು ನಿಮಿಷ ನಿಲ್ಲಿ. ಕಸದ ಅಕ್ಕನಿಗೆ ಹಸಿಕಸ ಒಣಕಸದ ಬುಟ್ಟಿ ಅವನೇ ಕೊಡಲಿ. 'ಇವರು ಏನು ಮಾಡ್ತಾರೆ' ಅಂತ ನೀವು ಹೇಳಬೇಕಾಗಿಲ್ಲ, ಅವನೇ ಕೇಳುತ್ತಾನೆ. ಅವರಿಗೂ ಮಗುವಿನ ಮುಖ ಪರಿಚಯ ಆಗುತ್ತದೆ, ಬೀದಿಯಲ್ಲಿ ಒಂಟಿಯಾಗಿ ಕಂಡರೆ 'ಏಯ್, ಎಲ್ಲಿಗೋ ಹೊರಟೆ?' ಅಂತ ಕೇಳುವವರು ನಾಲ್ಕು ಜನ ಹೆಚ್ಚಾಗುತ್ತಾರೆ. ಅವರನ್ನೆಲ್ಲ 'ಅಕ್ಕ', 'ಅಣ್ಣ' ಅಂತಲೇ ಕರೆಸಿ, 'ಕಸದವನು' ಅಂತ ಬೇಡ.

ಪೊಲೀಸರಿಗೆ ಮಾತ್ರ ಆತುರ ಮಾಡಬೇಡಿ. ಹೆದರಿದ ಮಗುವನ್ನು ಎಳೆದುಕೊಂಡು ಹೋಗಿ ಶೇಕ್‌ಹ್ಯಾಂಡ್ ಕೊಡಿಸಿ ಫೋಟೋ ತೆಗೆಯುವವರಿದ್ದಾರೆ, ಅದರಿಂದ ಹೆದರಿಕೆ ಗಟ್ಟಿಯಾಗುತ್ತದೆ. ಸಂಜೆ ಬೆಣ್ಣೆದೋಸೆಗೆ ಹೊರಟಾಗ ದಾರಿಯಲ್ಲಿ ಟ್ರಾಫಿಕ್ ಪೊಲೀಸರು ಬಿಡುವಾಗಿ ನಿಂತಿದ್ದರೆ ನೀವೇ 'ನಮಸ್ಕಾರ ಮೇಡಂ, ಊಟ ಆಯ್ತಾ?' ಅನ್ನಿ. ಅವನು ನಿಮ್ಮ ಸೀರೆ ಹಿಂದೆ ಅವಿತುಕೊಳ್ಳುತ್ತಾನೆ. ಅವಿತುಕೊಳ್ಳಲಿ ಬಿಡಿ. ಮುಂದಿನ ವಾರ ಮತ್ತೆ ಹೋಗಿ. ಸೀರೆ ಸಂದಿಯಿಂದ ಒಂದು ಕಣ್ಣು ಹೊರಗೆ ಬಂದ ದಿನ ನನಗೆ ಇನ್ನೊಂದು ಪತ್ರ ಬರೆಯಿರಿ.